ಮೈ ಮರೆಯಲಿಲ್ಲ

ಹತ್ತು ಮಂದಿ ಗಂಡಸರು ದೋಣಿ ಹತ್ತಿ
ಆಚೆ ಕೊಲ್ಲಿಗೆ ಹೋಗಿದ್ದರು, ತಿಮಿಂಗಿಲ ಬಂದ ಸುದ್ದಿ ಕೇಳಿ.
ಮಾಂಸ ತಂದರು, ಕೊಬ್ಬು ತಂದರು, ಉಪ್ಪಿನ ಪೀಪಾಯಿ ತುಂಬಿತು.
ಇನ್ನೊಂದನ್ನೂ ತಂದರು. ತೂಕವಿಲ್ಲದ್ದು.
ಹದಿನಾಲ್ಕನೆಯ ದಿನ
ಹತ್ತಕ್ಕೆ ಹತ್ತೂ ಮೈತುಂಬ ಕೆಂಪು ದದ್ದೆದ್ದು ಮಲಗಿದರು.

ಸಾವಿರದೆಂಟುನೂರ ನಲವತ್ತಾರು, ಫಾರೋ ದ್ವೀಪಗಳು,
ರಾತ್ರಿಯೆಂಬುದೇ ಇಲ್ಲದ ಜೂನ್.
ಅರವತ್ತೈದು ವರ್ಷದಿಂದ ದಡಾರ ಈ ಕಡೆ ತಲೆ ಹಾಕಿರಲಿಲ್ಲ.
ಮತ್ತೆರಡು ವಾರಕ್ಕೆ ಊರಿಗೆ ಊರೇ ಹಾಸಿಗೆ ಹಿಡಿಯಿತು.
ಹುಲ್ಲು ಹೊದ್ದ ಸೂರುಗಳಡಿ ಕೆಮ್ಮು,
ಬೆಳಕು ಚುಚ್ಚುತ್ತದೆಂದು ಕಿಟಕಿಗೆ ಕಂಬಳಿ,
ಕೆಚ್ಚಲು ಬಿರಿದು ಹಸುಗಳ ಕೂಗು.

ನಡೆದಾಡುತ್ತಿದ್ದವಳು ಸುನ್ನೇವಜ್ಜಿ.
ಅರವತ್ತಕ್ಕೆ ಅರಳು ಮರುಳು ಅಂತಾರಲ್ಲ,
ಇವಳಿಗೆ ಎಪ್ಪತ್ತಕ್ಕೆ ಹಿಡಿದಿತ್ತು:
ಒಲೆಯ ಮೇಲೆ ಗಂಜಿಯಿಟ್ಟು ಮರೆಯುವವಳು,
ಮಗ ಸಾಕಾರಿಸನನ್ನು ಸತ್ತ ಗಂಡನ ಹೆಸರಿಂದ ಕರೆಯುವವಳು,
ಹೆಣಿಗೆಯ ಕಡ್ಡಿ ಕೈಯಲ್ಲಿ ಹಿಡಿದೇ
ಕಡ್ಡಿ ಎಲ್ಲಿ ಎಂದು ಹುಡುಕುವವಳು.
ಮನೆಮನೆಗೂ ಹೋದಳು. ಹಾಲು ಕರೆದಳು, ನೀರು ತುಂಬಿದಳು,
ಸುಡುವ ಹಣೆಗಳ ಮೇಲೆ ಬರಿಗೈ ಇಟ್ಟಳು,
ಕೆಮ್ಮು ಕೆನ್ನೆಗೆ ತಾಗುವಷ್ಟು ಬಾಗಿ ಪಿಸುಮಾತು ಕೇಳಿಸಿಕೊಂಡಳು.
ಏನೂ ಆಗಲಿಲ್ಲ.
ದೇವರ ಕೃಪೆ ಎಂದರು ಕೆಲವರು.
ಕೆಲವರು ಬೇರೆ ಏನನ್ನೋ ಅಂದುಕೊಂಡು
ಹಾಲು ಮಾತ್ರ ಕುಡಿದರು.

ನಾನು ತೋರ್ಶಾವ್ನ್ ಆಸ್ಪತ್ರೆಯಲ್ಲಿ ರಕ್ತ ತೆಗೆಯುವವಳು.
ಅವಳ ಕುಡಿಯೋ ಅಲ್ಲವೋ, ಗೊತ್ತಿಲ್ಲ;
ಹದಿನೆಂಟು ದ್ವೀಪಗಳಲ್ಲಿ ಯಾರು ಯಾರಿಗೆ ನೆಂಟರಲ್ಲ?
ಕೊಳವೆ ಎತ್ತಿ ಬೆಳಕಿಗೆ ಹಿಡಿದಾಗ ಕೆಲವೊಮ್ಮೆ
ಆರು ವರ್ಷದ ಸುನ್ನೇವ ಕಾಣುತ್ತಾಳೆ.

ಮೂಗು ಗಂಟಲಿನ ಲೋಳೆ ದಾಟಿ ನುಸುಳಿತ್ತು ಅದು.
ಸಿಕ್ಕಿದ್ದೆಲ್ಲ ನುಂಗುವ ಕಾವಲು ಕಣಗಳು ನುಂಗಿದವು;
ಅವುಗಳ ಹೊಟ್ಟೆಯಲ್ಲೇ ಮರಿ ಹಾಕಿತು.
ಮೈ ತನಗೆ ತಾನೇ ಬೆಂಕಿಯಿಟ್ಟುಕೊಂಡಿತು.
ಕತ್ತಿನ ಗಂಟುಗಳಲ್ಲಿ ಸಂತೆ ನೆರೆಯಿತು,
ವೈರಿಯ ಚೂರೊಂದನ್ನು ಎತ್ತಿ ಹಿಡಿದ ದೂತರು
ಬಂದಬಂದವರನ್ನೆಲ್ಲ ತಡೆದು ಕೇಳಿದರು,
ಇವನ ಗುರುತುಂಟೆ? ಇವನ ಗುರುತುಂಟೆ?
ಲಕ್ಷ ಕಣಗಳು ಇಲ್ಲವೆಂದು ಸರಿದುಹೋದವು.
ಯಾವುದೋ ಒಂದು,
ಹುಟ್ಟಿದಂದಿನಿಂದ ಕೆಲಸವಿಲ್ಲದೆ ಅಲೆಯುತ್ತಿದ್ದದ್ದು,
ಚಿಪ್ಪಿಗೆ ಚಿಪ್ಪು ಕೂತಂತೆ ಕೂತಿತು.
ಒಂದು ಎರಡಾಯಿತು, ಎರಡು ನಾಲ್ಕು,
ವಾರ ಕಳೆಯುವುದರಲ್ಲಿ ದಂಡು.

ಗೆದ್ದ ಮೇಲೆ ದಂಡು ಕರಗಬೇಕು, ಕರಗಿತು.
ಕೆಲವೇ ಕೆಲವು ಎಲುಬಿನ ಮಜ್ಜೆಯೊಳಗೆ ಹೋಗಿ ಕುಳಿತವು.
ಮದುವೆ, ಒಂಬತ್ತು ಹೆರಿಗೆ, ಮೂರು ಹೆಣ,
ಇಷ್ಟೂ ಕಾಲ ಅದೊಂದೇ ಆಯುಧ ಮಸೆದು ಮಸೆದು
ರಕ್ತಕ್ಕೆ ಬಿಡುತ್ತ.

ದಡಾರಕ್ಕೊಂದು ಕೆಟ್ಟ ಚಾಳಿಯಿದೆ, ಇದು ಈಚೆಗೆ ತಿಳಿದದ್ದು.
ಹೋಗುವಾಗ ಮೈಯ ಹಳೆಯ ಲೆಕ್ಕದ ಪುಸ್ತಕ ಹರಿದು ಹೋಗುತ್ತದೆ,
ಬೇರೆ ಕೆಮ್ಮು ನೆಗಡಿಗಳ ಗುರುತು ಅಳಿಸಿ
ತನ್ನದೊಂದು ಪುಟ ಉಳಿಸಿ.
ಆ ಚಳಿಗಾಲ ಊರಿನ ಮಕ್ಕಳು
ಎಂದೋ ಗೆದ್ದಿದ್ದ ಕಾಯಿಲೆಗಳಿಗೆ ಮತ್ತೆ ಸೋತವು.

ಆದರೆ ಅದು ಆಮೇಲೆ. ಇದಿನ್ನೂ ಜೂನ್.
ಹೊಳೆಯಾಚೆಯ ಮನೆಯಲ್ಲಿ ಐದು ವರ್ಷದ ರಾನ್ವಾ,
ಕಣ್ಣು ಅಂಟಿ, ತುಟಿ ಒಡೆದು.
ಅಜ್ಜಿ ಬಟ್ಟಲು ಹಿಡಿದು ಬಾಗಿದಳು:
“ಏಳೇ, ಮಾಲನ್.”
“ಅವಳು ರಾನ್ವಾ,” ಎಂದಳು ತಾಯಿ, ಮಲಗಿದ್ದಲ್ಲಿಂದಲೇ.
“ಮಾಲನ್ ಯಾರು?”

ಚರ್ಚಿನ ಪುಸ್ತಕದಲ್ಲಿದೆ, ಹುಡುಕಿ ನೋಡಿದ್ದೇನೆ:
ಮಾಲನ್, ನಾಲ್ಕು ವರ್ಷ, ದಡಾರ, ೧೭೮೧.
ಸುನ್ನೇವಳ ತಂಗಿ. ಇಬ್ಬರಿಗೂ ಒಂದೇ ಹಾಸಿಗೆ ಇದ್ದಿರಬೇಕು.

ಅಜ್ಜಿ ಬಹಳ ಹೊತ್ತು ಯೋಚಿಸಿದಳು.
ಸತ್ತವಳ ಮುಖ ಹೊಳೆಯಲಿಲ್ಲ.
ಕೊಂದವನ ಮುಖವನ್ನು
ಮೈ ಮರೆತಿರಲಿಲ್ಲ.

“ಯಾರೋ,” ಎಂದಳು. “ಹಾಲು ಆರುತ್ತೆ, ಕುಡಿ.”